ಮರದ ಬುಡ ನೋಡಿ ಗೂಬೆ ಹುಡುಕುವ ನನ್ನ ಕ್ರಮ

ಮನೆಯಿಂದ ಇಪ್ಪತ್ತು ನಿಮಿಷದ ಕಾಲ್ನಡಿಗೆಯೊಳಗೆ ಹದ್ದು, ಗರುಡಗಳನ್ನು ಬಿಟ್ಟರೆ ಬೇರೆ ಬೇಟೆಹಕ್ಕಿ ಸಿಗುವುದಿಲ್ಲ, ಅದಕ್ಕೆ ಕಾಡಿಗೇ ಹೋಗಬೇಕು ಎಂಬುದು ನನ್ನ ಜೊತೆಗೆ ಹಕ್ಕಿ ನೋಡುವವರಲ್ಲಿ ಹೆಚ್ಚಿನವರ ಖಚಿತ ಅಭಿಪ್ರಾಯವಾಗಿತ್ತು. ಅಷ್ಟೇ ದೂರದೊಳಗೆ ನಾನು ಈಗ ಎಂಟೊಂಬತ್ತು ಬಗೆಯ ಬೇಟೆಹಕ್ಕಿಗಳನ್ನು ನೋಡಿ ಬರೆದಿಟ್ಟುಕೊಂಡಿದ್ದೇನೆ. ಅವುಗಳಲ್ಲಿ ಕಣಜ ಗೂಬೆ, ಹಾಲಕ್ಕಿ ಎಂಬ ಸಣ್ಣ ಗೂಬೆ, ಬಿಜ್ಜು ಎಂಬ ಸಣ್ಣ ಗಿಡುಗ ಮತ್ತು ರಾಮದಾಸ ಹದ್ದು ಈ ನಾಲ್ಕನ್ನು ಬಂದವರಿಗೆ ಹೆಚ್ಚುಕಡಿಮೆ ಹೇಳಿದ ಹೊತ್ತಿಗೆ ತೋರಿಸಲೂ ಬಲ್ಲೆ. ಅನುಮಾನಪಟ್ಟವರಲ್ಲಿ ಇಬ್ಬರು ಬಂದು ಕಣ್ಣಾರೆ ಕಂಡು ಹೋದ ಮೇಲೆ, ಹೇಗೆ ಮಾಡಿದಿರೆಂದು ಬರೆಯಿರಿ ಎಂಬ ಒತ್ತಾಯ ಹೆಚ್ಚಾಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಹಣದ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆರಂಭದ ಖರ್ಚಿನಲ್ಲಿ ಮುಕ್ಕಾಲು ಪಾಲು ನೀರಿಗೆ ಹೋಯಿತು. ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುವ 20x50 ಬೈನಾಕ್ಯುಲರ್ ಇದ್ದರೆ ದೂರದ ಮರದ ಮೇಲಿನ ಹಕ್ಕಿಯೂ ಕೈಗೆ ಸಿಕ್ಕಂತೆ ಎಂದು ಅಂಗಡಿಯವರು ಹೇಳಿದ್ದರು. ಎರಡನೆಯ ಅಂಕಿ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ; ಆ ಐವತ್ತನ್ನು ಇಪ್ಪತ್ತರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಿಂಡಿ ಎರಡೂವರೆ ಮಿಲಿಮೀಟರ್ ಮಾತ್ರ. ಗೂಬೆ ಹೊರಡುವ ಮುಸ್ಸಂಜೆಯಲ್ಲಿ ನಮ್ಮ ಕಣ್ಣಿನ ಪಾಪೆ ಅದರ ಎರಡರಷ್ಟಾದರೂ ಅರಳಿರುತ್ತದೆಯಾದ್ದರಿಂದ, ಬರಿಗಣ್ಣಿಗೆ ಮಸುಕಾಗಿಯಾದರೂ ಕಾಣುತ್ತಿದ್ದ ಕೊಂಬೆ ಆ ಗಾಜಿನಲ್ಲಿ ಕಪ್ಪು ಗೀರಾಗಿ ಉಳಿಯುತ್ತಿತ್ತು. ಅದರ ಮೇಲೆ ಕೈನಡುಕ ಬೇರೆ. ಆಮೇಲೆ ಬೇರೊಬ್ಬರು ಬಳಸಿ ಬಿಟ್ಟ 8x42 ಒಂದನ್ನು ಮೊದಲಿನದರ ಅರ್ಧ ಹಣಕ್ಕೆ ಕೊಂಡೆ. ಇಂದಿಗೂ ಅದೇ ನಡೆಯುತ್ತಿದೆ, ಮತ್ತು ಇದಕ್ಕಿಂತ ಹೆಚ್ಚಿನದು ಮನೆಯ ಸುತ್ತಲಿನ ಕೆಲಸಕ್ಕೆ ಬೇಕೆಂದು ನನಗೆ ಅನಿಸಿಲ್ಲ. ತೀಕ್ಷ್ಣ ಬೆಳಕಿನ ಟಾರ್ಚಿಗೆ ಹಾಕಿದ ಹಣವೂ ದಂಡವೇ. ಬೆಳಕು ಬಿದ್ದ ಗೂಬೆ ಒಂದು ಕ್ಷಣ ಕಂಡು ಹಾರಿಹೋಗುತ್ತದೆ, ಮರುದಿನ ಆ ಕೊಂಬೆಗೆ ಬರುವುದಿಲ್ಲ. ಕೂಗಿನ ಧ್ವನಿಮುದ್ರಣ ಕೇಳಿಸಿ ಹಕ್ಕಿಯನ್ನು ಕರೆಯುವ ಉಪಾಯವನ್ನು ಗೆಳೆಯರೊಬ್ಬರು ಕೆಲವು ಸಂಜೆ ಪ್ರಯೋಗಿಸಿದರು. ಹಾಲಕ್ಕಿಗಳು ಒಂದೆರಡು ಸಲ ಉತ್ತರಿಸಿ ಆಮೇಲೆ ವಾರಗಟ್ಟಲೆ ಮೌನವಾದವು. ಗೂಡು ಕಟ್ಟುವ ಕಾಲದಲ್ಲಿ ಇದನ್ನು ಯಾರೂ ಮಾಡಬಾರದೆಂಬುದು ನನ್ನ ಖಂಡಿತ ಮಾತು.

ಫಲ ಕೊಟ್ಟದ್ದು ಕತ್ತು ತಗ್ಗಿಸಿ ನಡೆಯುವ ಅಭ್ಯಾಸ. ಹಗಲಿನಲ್ಲಿ ಗೂಬೆ ಎಲೆಗಳ ನಡುವೆ ಅಲುಗಾಡದೆ ಕೂತಿರುತ್ತದೆ, ಅದನ್ನು ಮೇಲೆ ನೋಡಿ ಹುಡುಕುವುದು ವ್ಯರ್ಥ. ಆದರೆ ಅದು ರಾತ್ರಿ ತಿಂದದ್ದರ ಲೆಕ್ಕವೆಲ್ಲ ಮರದ ಬುಡದಲ್ಲಿ ಬಿದ್ದಿರುತ್ತದೆ. ಮೊದಲು ನೋಡಬೇಕಾದದ್ದು ಹಿಕ್ಕೆ. ಗೂಬೆಯೂ ಫಾಲ್ಕನ್ ಎಂಬ ಹಗಲಿನ ಬೇಟೆಹಕ್ಕಿಗಳ ಜಾತಿಯವೂ ಕೂತಲ್ಲಿಂದ ನೇರ ಕೆಳಗೆ ಹಾಕುವುದರಿಂದ ಅವುಗಳ ಹಿಕ್ಕೆ ಒಂದೇ ಕಡೆ ಸುಣ್ಣ ಚೆಲ್ಲಿದಂತೆ ದಪ್ಪಗೆ ಕಟ್ಟಿರುತ್ತದೆ. ಬಿಜ್ಜುವಿನಂಥವು ಹಿಂದಕ್ಕೆ ಚಿಮ್ಮಿಸುವುದರಿಂದ ಕೂತ ಕೊಂಬೆಯಿಂದ ಒಂದಷ್ಟು ದೂರದಲ್ಲಿ ಉದ್ದ ಗೀರುಗಳು ಬಿದ್ದಿರುತ್ತವೆ. ಕೊಕ್ಕರೆಗಳು ತಂಗುವ ಮರದ ಕೆಳಗೂ ಬಿಳುಪು ಹರಡಿರುತ್ತದೆಯಾದರೂ ಅಲ್ಲಿ ಮೀನಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಆರಂಭದ ತಿಂಗಳುಗಳಲ್ಲಿ ನನಗೆ ಸಿಕ್ಕ ಭರವಸೆಯ ಮರಗಳಲ್ಲಿ ಅರ್ಧದಷ್ಟು ಕೊಕ್ಕರೆಯವೇ ಆಗಿದ್ದವು.

ಹಿಕ್ಕೆ ಹೊಸದೋ ಹಳೆಯದೋ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ನಾನು ಕಂಡುಕೊಂಡ ಉಪಾಯಕ್ಕೆ ಬಿಡಿಗಾಸೂ ಬೇಡ: ಗಾಢ ಬಣ್ಣದ ಹಳೆಯ ಬಟ್ಟೆಯನ್ನು ಸಂಜೆ ಮರದ ಕೆಳಗೆ ಹರಡಿ ನಾಲ್ಕು ಕಲ್ಲು ಹೇರಿ ಬರುವುದು, ಬೆಳಗ್ಗೆ ಎದ್ದು ಹೋಗಿ ನೋಡುವುದು. ತಿಳಿ ಬಣ್ಣದ ಬಟ್ಟೆಯಲ್ಲಿ ಬಿಳಿ ಹಿಕ್ಕೆ ಕಾಣುವುದಿಲ್ಲ. ಬಟ್ಟೆಯ ಮೇಲೆ ಎಲ್ಲಿ ಹೆಚ್ಚು ಬಿದ್ದಿದೆಯೆಂದು ಗುರುತಿಸಿ ಅಲ್ಲಿಂದ ನೇರ ಮೇಲಕ್ಕೆ ಕಣ್ಣು ಹಾಯಿಸಿದರೆ ಯಾವ ಕೊಂಬೆಯೆಂಬುದು ಹೆಚ್ಚುಕಡಿಮೆ ಒಂದು ಮಾರಿನೊಳಗೆ ತಿಳಿಯುತ್ತದೆ. ಆ ಕೊಂಬೆಯನ್ನು ನೋಡಲು ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಎಂಬುದನ್ನು ಲೆಕ್ಕ ಹಾಕುವ ನನ್ನದೇ ಕ್ರಮವೊಂದಿದೆ; ಅದನ್ನು ಇಲ್ಲಿ ಬರೆಯುವುದಿಲ್ಲ, ನಾಲ್ಕು ಸಂಜೆ ತಾಳ್ಮೆಯಿಂದ ನಿಂತವರಿಗೆ ಅದು ತಾನಾಗಿ ಹೊಳೆಯುತ್ತದೆ.

ಹಿಕ್ಕೆಯ ಜೊತೆಗೆ, ಜೀರ್ಣವಾಗದ ಕೂದಲು ಮೂಳೆಗಳನ್ನು ಹಕ್ಕಿ ಬಾಯಿಂದ ಕಕ್ಕಿದ ಉಂಡೆ ಸಿಕ್ಕರೆ ಕೆಲಸ ಮುಗಿದಂತೆಯೇ. ಕಣಜ ಗೂಬೆಯ ಹೊಸ ಉಂಡೆ ಹೆಬ್ಬೆರಳಿನಷ್ಟು ಗಾತ್ರದ್ದು, ಕಪ್ಪಗೆ, ಮೇಲೆ ವಾರ್ನಿಷ್ ಬಳಿದಂತೆ ಹೊಳೆಯುತ್ತಿರುತ್ತದೆ. ಒಣಗಿದ ಮೇಲೆ ಬೂದಿ ಬಣ್ಣಕ್ಕೆ ತಿರುಗಿ ಹಗುರಾಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಎರಡು ಸೂಜಿಯಿಂದ ಬಿಡಿಸಿದರೆ ಕೂದಲಿನ ಮುದ್ದೆಯ ನಡುವೆ ಇಲಿಯ ಇಡೀ ತಲೆಬುರುಡೆ, ಕಿತ್ತಳೆ ಬಣ್ಣದ ಬಾಚಿಹಲ್ಲು, ಕಡ್ಡಿಯಂಥ ಪಕ್ಕೆಲುಬು ಎಲ್ಲವೂ ಸಿಗುತ್ತವೆ. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಖಾಲಿ ಜಾಗವಿದ್ದರೆ ಇಲಿ, ಮೊನಚು ಹಲ್ಲುಗಳು ಸಾಲಾಗಿ ಒತ್ತಿಕೊಂಡಿದ್ದರೆ ಸುಂಡಿಲಿ. ಹಾಲಕ್ಕಿಯ ಉಂಡೆ ಚಿಕ್ಕದು, ಬೇಗ ಉದುರಿಹೋಗುತ್ತದೆ, ಅದರಲ್ಲಿ ಜೀರುಂಡೆಗಳ ಗಟ್ಟಿ ರೆಕ್ಕೆಯ ಚೂರುಗಳೇ ಹೆಚ್ಚು. ಬಿಜ್ಜು, ಹದ್ದುಗಳು ಮಾಂಸವನ್ನು ಹರಿದು ತಿನ್ನುವುದರಿಂದಲೂ ಅವುಗಳ ಹೊಟ್ಟೆಯ ಆಮ್ಲ ಹೆಚ್ಚು ಕಟುವಾದ್ದರಿಂದಲೂ ಅವುಗಳ ಉಂಡೆಯಲ್ಲಿ ಮೂಳೆ ಬಹಳ ಕಡಿಮೆ. ಒಂದು ಮಳೆಗಾಲದಲ್ಲಿ ಕಣಜ ಗೂಬೆಯ ಸುಮಾರು ನಲವತ್ತು ಐವತ್ತು ಉಂಡೆಗಳನ್ನು ಬಿಡಿಸಿದ್ದೆ. ಪ್ರತಿ ಉಂಡೆಯಲ್ಲಿ ಎರಡು ಮೂರು ತಲೆಬುರುಡೆ ಇದ್ದ ನೆನಪು. ಗೂಬೆ ಇಲಿ ಹಿಡಿಯುವುದಿಲ್ಲ, ಹಕ್ಕಿಮರಿಗಳನ್ನೇ ತಿನ್ನುತ್ತದೆ ಎಂದು ವಾದಿಸುತ್ತಿದ್ದ ಪಕ್ಕದ ಮನೆಯವರಿಗೆ ಆ ಬುರುಡೆಗಳನ್ನು ರಟ್ಟಿನ ಮೇಲೆ ಅಂಟಿಸಿ ತೋರಿಸಿದೆ.

ಹಗಲು ಬೇಟೆಯಾಡುವವುಗಳಿಗೆ ನೆಲ ನೋಡಿದರೆ ಸಾಲದು. ಅವುಗಳನ್ನು ಬೈಯುವ ಹಕ್ಕಿಗಳನ್ನು ಆಲಿಸಬೇಕು. ಚಿಕ್ಕ ಹಕ್ಕಿಗಳ ಎಚ್ಚರಿಕೆಯ ಕೂಗು ಎರಡು ಬಗೆಯದೆಂಬುದು ಬಲ್ಲವರಿಗೆಲ್ಲ ಗೊತ್ತು, ಆದರೆ ಅದನ್ನು ದಿನವೂ ಬಳಸುವವರು ಕಡಿಮೆ. ಬೇಟೆಹಕ್ಕಿ ಹಾರುತ್ತಿದ್ದರೆ ತೆಳುವಾದ, ಎಲ್ಲಿಂದ ಬಂತೆಂದು ತಿಳಿಯದ ಒಂದು ಸೀಟಿ ಕೇಳಿ ಇಡೀ ಪೊದೆ ಸ್ತಬ್ಧವಾಗುತ್ತದೆ; ಆಗ ಆಕಾಶ ನೋಡಬೇಕು. ಅದು ಕೂತಿದ್ದರೆ ಪಿಕಳಾರ, ಹರಟೆಮಲ್ಲ, ಸೂರಕ್ಕಿಗಳೆಲ್ಲ ಸುತ್ತ ಸೇರಿ ಗದ್ದಲವೆಬ್ಬಿಸುತ್ತವೆ. ಆಗ ಗದ್ದಲ ಮಾಡುವ ಹಕ್ಕಿಗಳ ಕೊಕ್ಕು ಯಾವ ಕಡೆಗೆ ತಿರುಗಿದೆಯೆಂದು ನೋಡಿ, ಆ ಗೆರೆಗಳು ಕೂಡುವ ಜಾಗಕ್ಕೆ ಬೈನಾಕ್ಯುಲರ್ ಎತ್ತಬೇಕು. ನನ್ನ ಮೊದಲ ಬಿಜ್ಜು ಸಿಕ್ಕಿದ್ದು ಹೀಗೆಯೇ. ಕಾಂಡಕ್ಕೆ ಒತ್ತಿಕೊಂಡು, ಕೆಂಪು ಕಣ್ಣು ಮಿಟುಕಿಸದೆ ಕೂತಿದ್ದ ಗಂಡು, ಅದರ ತಲೆಯ ಮೇಲಿನ ಕೊಂಬೆಯಲ್ಲಿ ಏಳೆಂಟು ಪಿಕಳಾರಗಳು. ಗದ್ದಲ ಜೋರಾದಾಗ ಅದು ಬಾಲವನ್ನು ಒಮ್ಮೆ ಅಕ್ಕಪಕ್ಕಕ್ಕೆ ಅಲ್ಲಾಡಿಸಿತೇ ಹೊರತು ಕದಲಲಿಲ್ಲ.

ಈ ಕ್ರಮದಲ್ಲಿ ಮೋಸ ಮಾಡುವುದು ಕಾಜಾಣ. ಬಿಜ್ಜುವಿನ ಕೂಗನ್ನು ಅದು ಎಷ್ಟು ಚೆನ್ನಾಗಿ ಅನುಕರಿಸುತ್ತದೆಯೆಂದರೆ ಹಳೆಯ ವೀಕ್ಷಕರೂ ತಿರುಗಿ ನೋಡುತ್ತಾರೆ. ನಾನು ಕಂಡಂತೆ ನಿಜವಾದ ಬಿಜ್ಜು ಕೂಗಿದಾಗ ಅಳಿಲುಗಳು ಕಿರುಚುತ್ತವೆ ಅಥವಾ ಕಾಂಡದ ಆಚೆ ಬದಿಗೆ ಸರಿಯುತ್ತವೆ. ಕಾಜಾಣದ ಅನುಕರಣೆಗೆ ಅವು ಅಷ್ಟಾಗಿ ಕಿವಿಗೊಡುವುದಿಲ್ಲ. ಹತ್ತರಲ್ಲಿ ಎಂಟು ಸಲ ಈ ಪರೀಕ್ಷೆ ಸರಿಹೋಗಿದೆ. ಬೇಟೆ ನಡೆದ ಜಾಗದಲ್ಲಿ ಪುಕ್ಕ ಚೆಲ್ಲಿದ್ದರೆ ಅದನ್ನೂ ಎತ್ತಿ ನೋಡುವುದುಂಟು: ದಂಟು ಬುಡಸಮೇತ ಕಿತ್ತು ಬಂದಿದ್ದರೆ ಬೇಟೆಹಕ್ಕಿ, ಕಚ್ಚಿ ತುಂಡಾಗಿದ್ದರೆ ಬೆಕ್ಕು.

ಎತ್ತರದಲ್ಲಿ ತೇಲುವ ಹಕ್ಕಿಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ನೆಲ ಕಾದು ಬಿಸಿಗಾಳಿ ಏಳುವ ಹೊತ್ತಿಗೆ, ಅಂದರೆ ಬೆಳಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ, ತಾರಸಿಯ ಮೇಲೆ ಬೆನ್ನೊರಗಿಸಿ ಕೂತರೆ ಸಾಕು. ಹದ್ದುಗಳ ಸುತ್ತಿನಲ್ಲಿ ಕವಲಿಲ್ಲದ ಬಾಲದ, ಉದ್ದ ಕುತ್ತಿಗೆಯ, ಪಾರಿವಾಳದಂಥ ಸಣ್ಣ ತಲೆಯ ಹಕ್ಕಿ ಸೇರಿಕೊಂಡಿದ್ದರೆ ಅದು ಜೇನುಗಿಡುಗ. ಅದನ್ನು ಬಹುಕಾಲ ಹದ್ದೆಂದೇ ಎಣಿಸಿ ಬಿಟ್ಟವರು ನಮ್ಮಲ್ಲಿ ಅನೇಕರಿದ್ದಾರೆ. ಪಾರಿವಾಳಗಳ ಹಿಂಡು ಇದ್ದಕ್ಕಿದ್ದಂತೆ ಮುದ್ದೆಯಾಗಿ ತಿರುಗಿ ಹಾರಿದರೆ ಅವುಗಳ ಮೇಲ್ಗಡೆ ನೋಡಬೇಕು. ಎರಡು ಚಳಿಗಾಲಗಳಲ್ಲಿ ಪೆರಿಗ್ರೀನ್ ಫಾಲ್ಕನ್ ಸಿಕ್ಕಿದ್ದು ಹಾಗೆ. ಗಂಟೆಗೆ 300 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಅದು ಎರಗುತ್ತದೆ ಎಂಬುದು ನಿಜ, ಆದರೆ ನಾನು ನೋಡಿದ ಎರಗಾಟಗಳಲ್ಲಿ ಹೆಚ್ಚಿನವು ವಿಫಲವಾದವು.

ನಡುವೆ ಮಾಡಿದ ಒಂದೆರಡು ಪ್ರಯೋಗಗಳನ್ನೂ ಹೇಳಬೇಕು. ಮೊದಲನೆಯದು ಫೋನಿನಲ್ಲಿ ರಾತ್ರಿಯಿಡೀ ಧ್ವನಿ ಹಿಡಿಯುವುದು. ಹತ್ತು ಗಂಟೆಯ ಧ್ವನಿಯನ್ನು ಕೂತು ಕೇಳುವುದು ಯಾರಿಂದಲೂ ಆಗದ ಮಾತು. ಆದ್ದರಿಂದ ಅದನ್ನು ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶದಲ್ಲಿ ಸ್ಪೆಕ್ಟ್ರೋಗ್ರಾಮ್, ಅಂದರೆ ಧ್ವನಿಯನ್ನು ಗೆರೆ, ಕಲೆಗಳಾಗಿ ತೋರಿಸುವ ಚಿತ್ರವಾಗಿ ತೆರೆದು ಕಣ್ಣಿನಿಂದಲೇ ಓದುತ್ತೇನೆ. ಇಪ್ಪತ್ತು ನಿಮಿಷದಲ್ಲಿ ಒಂದು ರಾತ್ರಿ ಮುಗಿಯುತ್ತದೆ. ಹಾಲಕ್ಕಿಯ ಕೂಗು ಒಂದರ ಮೇಲೊಂದು ಗೆರೆ ಎಳೆದಂತೆ ಕಾಣುತ್ತದೆ, ಕಣಜ ಗೂಬೆಯ ಚೀರು ಎರಡು ಸೆಕೆಂಡಿನ ಗೆರೆಯಿಲ್ಲದ ಮಸಿಕಲೆ. ಅದೇ ಮಸಿಕಲೆ ಚಿಕ್ಕದಾಗಿ, ರಾತ್ರಿಯಿಡೀ ಮತ್ತೆ ಮತ್ತೆ ಬೀಳುತ್ತಿದ್ದರೆ ಹತ್ತಿರದಲ್ಲೆಲ್ಲೋ ಮರಿಗಳು ಊಟಕ್ಕೆ ಬುಸುಗುಟ್ಟುತ್ತಿವೆಯೆಂದು ಅರ್ಥ. ಗೂಡಿರುವ ಕಟ್ಟಡ ನನಗೆ ಗೊತ್ತಾದದ್ದು ಫೋನನ್ನು ರಾತ್ರಿಗೊಂದರಂತೆ ಮೂರು ಜಾಗಗಳಲ್ಲಿಟ್ಟು, ಯಾವುದರಲ್ಲಿ ಕಲೆ ಹೆಚ್ಚು ಕಪ್ಪಾಗಿದೆಯೆಂದು ಹೋಲಿಸಿದ ಮೇಲೆ.

ಎರಡನೆಯದು ಹಕ್ಕಿಗಳು ಕೂರಲೆಂದು ಅಡ್ಡಪಟ್ಟಿ ಹೊಡೆದ ಕಂಬ. ಎರಡಾಳೆತ್ತರದ್ದೊಂದನ್ನೂ ಒಂದಾಳೆತ್ತರದ್ದೊಂದನ್ನೂ ಬಯಲಿನಲ್ಲಿ ನೆಟ್ಟೆ. ಚಿಕ್ಕದರ ಮೇಲೆ ಕಾಜಾಣ ಬಿಟ್ಟು ಬೇರಾವುದೂ ಕೂರಲಿಲ್ಲ. ಎತ್ತರದ್ದರ ಮೇಲೆ ಹಗಲು ರಾಮದಾಸ ಹದ್ದು, ರಾತ್ರಿ ಹಾಲಕ್ಕಿ ಪಾಳಿ ಹಂಚಿಕೊಂಡವು. ಅಡ್ಡಪಟ್ಟಿ ನುಣುಪಾಗಿದ್ದಾಗ ಬಂದ ಹಕ್ಕಿಗಳು ಬೇಗ ಎದ್ದು ಹೋಗುತ್ತಿದ್ದವು, ತೊಗಟೆಯಿರುವ ಒರಟು ಕೊಂಬೆ ಕಟ್ಟಿದ ಮೇಲೆ ನಿಂತವು. ಕಟ್ಟುವುದಕ್ಕೆ ಬಳಸಿದ್ದು ಏನು, ಯಾವ ದಿಕ್ಕಿಗೆ ಎಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಕಣಜ ಗೂಬೆಗೆಂದು ಇಟ್ಟ ಗೂಡುಪೆಟ್ಟಿಗೆಯಲ್ಲಿ ಮಾತ್ರ ಇನ್ನೂ ಪೂರ್ತಿ ಗೆದ್ದಿಲ್ಲ. ಬಡಗಿಯಿಂದ ಮಾಡಿಸಿದ ಮೊದಲ ಪೆಟ್ಟಿಗೆಗೆ ಒಳ್ಳೆಯ ಮರ ಹಾಕಿಸಿ ಬೈನಾಕ್ಯುಲರಿನಷ್ಟೇ ಖರ್ಚು ಮಾಡಿದ್ದೆ. ಒಂದು ವರ್ಷ ಜೇನುಹುಳು, ಮರುವರ್ಷ ಮೈನಾ ಅದನ್ನು ಆಕ್ರಮಿಸಿದವು. ಅದು ತೀರ ಆಳವಿಲ್ಲದ್ದು, ಗೂಬೆ ಬಂದಿದ್ದರೂ ಮರಿಗಳು ಹೊರಗೆ ಉರುಳುತ್ತಿದ್ದವು. ಎರಡನೆಯದನ್ನು ಬಿಸಾಡಿದ ಪ್ಯಾಕಿಂಗ್ ಹಲಗೆಯಿಂದ ನಾನೇ ಜೋಡಿಸಿದೆ: ಬಾಯಿ ಹದಿಮೂರು ಸೆಂಟಿಮೀಟರ್ ಚೌಕ, ಬಾಯಿಯಿಂದ ತಳಕ್ಕೆ ನಲವತ್ತೈದು ಸೆಂಟಿಮೀಟರ್ ಆಳ, ತಳದಲ್ಲಿ ನೀರಿಳಿಯಲು ರಂಧ್ರಗಳು. ಇದರಲ್ಲಿ ಕಳೆದ ಕೆಲವು ತಿಂಗಳಿಂದ ಒಂದು ಗೂಬೆ ಹಗಲು ತಂಗುತ್ತಿದೆ, ಕೆಳಗೆ ವಾರಕ್ಕೆ ನಾಲ್ಕೈದು ಉಂಡೆ ಸಿಗುತ್ತಿವೆ, ಜೋಡಿ ಇನ್ನೂ ಬಂದಿಲ್ಲ. ಮೈನಾಗಳು ಹುಲ್ಲು ಹೊತ್ತು ತರುವ ಕಾಲ ಬರುತ್ತಿರುವುದರಿಂದ ಅವುಗಳಿಗೆ ಕಾಲೂರಲು ಸಿಗದಂತೆ ಬಾಯಿಯ ಮುಂದಿನ ಕಟ್ಟೆಯನ್ನು ಬಿಚ್ಚಿ ತೆಗೆಯಬೇಕೇ ಎಂದು ಯೋಚಿಸುತ್ತಿದ್ದೇನೆ. ಆದರೆ ಮರಿಗಳಾದರೆ ಅವು ಹೊರಬಂದು ರೆಕ್ಕೆ ಬಡಿಯಲು ಅದೇ ಕಟ್ಟೆ ಬೇಕಾಗುತ್ತದೆ. ಈ ಎರಡನ್ನೂ ಹೊಂದಿಸಿದವರು ಯಾರಾದರೂ ಇದ್ದರೆ ಅಳತೆ ಸಮೇತ ತಿಳಿಸಬೇಕು.