ಬ್ರಷ್‌ನ ಗೆರೆ ಉಳಿಯದಂತೆ ಬಾಗಿಲಿಗೆ ಬಣ್ಣ

ಮರದ ಬಾಗಿಲಿಗೆ ಎನಾಮೆಲ್ ಬಳಿದ ಮರುದಿನ ಎಳೆಬಿಸಿಲು ಓರೆಯಾಗಿ ಬಿದ್ದಾಗ ಗೆರೆಗಳೂ ಇಳಿದು ಗಟ್ಟಿಯಾದ ಹನಿಗಳೂ ಎದ್ದು ಕಾಣುತ್ತವೆ. ಎಲ್ಲರೂ ಬಣ್ಣವನ್ನು ದೂರುತ್ತಾರೆ. ಬಹಳ ಸಲ ತಪ್ಪು ಬಣ್ಣದ್ದಲ್ಲ, ಅರೆ ಒಣಗಿದ ಮೇಲೂ ಬ್ರಷ್ ಆಡಿಸಿದ ಕೈಯದು.

ಮೊದಲು 180 ಅಥವಾ 220ನೇ ನಂಬರಿನ ಉಜ್ಜುಕಾಗದದಿಂದ (ಸ್ಯಾಂಡ್‌ಪೇಪರ್) ಮರದ ಎಳೆಯ ದಿಕ್ಕಿನಲ್ಲೇ ಉಜ್ಜಿ, ಒದ್ದೆ ಬಟ್ಟೆಯಿಂದ ದೂಳು ಒರೆಸಿ, ಪೂರ್ತಿ ಆರಲು ಬಿಡಿ. ಹಳೆಯ ಬಣ್ಣವಿದ್ದರೆ ನೀರಿನಲ್ಲಿ ನೆನೆಸಿ ಉಜ್ಜಬಹುದಾದ ವಾಟರ್ ಪೇಪರ್ ಬಳಸಿ, ನೀರು ಮುಟ್ಟಿಸಿಯೇ ಉಜ್ಜಿ. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಬಣ್ಣದ ದೂಳು ಮಕ್ಕಳಿರುವ ಮನೆಯಲ್ಲಿ ಹಾರಾಡಕೂಡದು. ಬರಿಮರ ಕಂಡಲ್ಲಿ ಬಣ್ಣಕ್ಕೆ ಮುಂಚಿನ ತಳಲೇಪವಾದ ಪ್ರೈಮರ್ ಹಚ್ಚಿ.

ಎರಡಿಂಚಿನ ಬ್ರಷ್ ಸಾಕು. ಹೊಸದಾದರೆ ಅಂಗೈಗೆ ಬಡಿದು ಸಡಿಲ ಕೂದಲು ಉದುರಿಸಿ. ಬಣ್ಣವನ್ನು ತಳದಿಂದ ಕಲಕಿ, ತೆಳುಬಟ್ಟೆಯಲ್ಲಿ ಸೋಸಿ, ಚಿಕ್ಕ ಡಬ್ಬಿಗೆ ಬಗ್ಗಿಸಿಕೊಳ್ಳಿ. ಬಣ್ಣ ತೆಳುವಾಗಿಸಲು ಬೆರೆಸುವ ಟರ್ಪೆಂಟೈನ್, ಬಣ್ಣದ ತಯಾರಕರು ಹೇಳಿದಷ್ಟೇ ಇರಲಿ. ಹೆಚ್ಚಾದರೆ ಬಣ್ಣ ಜಾರುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಒಲೆ ಉರಿಯದಿರಲಿ.

ಕೂದಲಿನ ಮೂರನೇ ಒಂದು ಭಾಗ ಮಾತ್ರ ಅದ್ದಿ, ಡಬ್ಬಿಯ ಒಳಮೈಗೆ ಮೆಲ್ಲಗೆ ತಟ್ಟಿ. ಅಂಚಿಗೆ ಒತ್ತಿ ಒರೆಸಿದರೆ ಅದ್ದಿದ ಬಣ್ಣವೆಲ್ಲ ಡಬ್ಬಿಗೇ ಮರಳುತ್ತದೆ. ಬಾಗಿಲಿನ ಒಳಹಲಗೆಗಳು ಮೊದಲು, ಆಮೇಲೆ ಅಡ್ಡಪಟ್ಟಿಗಳು, ಕೊನೆಗೆ ಉದ್ದಪಟ್ಟಿಗಳು.

ಒಮ್ಮೆಗೆ ಒಂದು ಮೊಳದಷ್ಟು ಜಾಗ ಹಿಡಿಯಿರಿ. ಎಳೆಯ ಉದ್ದಕ್ಕೆ ಎರಡು ಮೂರು ಪಟ್ಟೆ ಎಳೆದು, ಅಡ್ಡಡ್ಡ ಹರಡಿ ನಡುವಿನ ಜಾಗ ತುಂಬಿ. ಈಗ ಹೊಸ ಬಣ್ಣ ಅದ್ದದೆ, ಬ್ರಷ್ಷನ್ನು ತುಸು ವಾಲಿಸಿ, ತುದಿಗೂದಲು ಮಾತ್ರ ಸವರುವಂತೆ ಎಳೆಯ ಉದ್ದಕ್ಕೂ ಒಂದೇ ಉಸಿರಿನಲ್ಲಿ ಎಳೆಯಿರಿ. ಹೊಸ ಜಾಗದಿಂದ ಆಗಲೇ ಬಳಿದ ಹಸಿ ಬಣ್ಣದ ಕಡೆಗೆ ಕೈ ಸಾಗಬೇಕು. ಅಲ್ಲಿ ಬ್ರಷ್ ಗಕ್ಕನೆ ನಿಲ್ಲದೆ, ಸರಿಯುತ್ತಲೇ ಮೇಲೇಳಬೇಕು. ಇಷ್ಟಾದ ಮೇಲೆ ಆ ಜಾಗವನ್ನು ಮುಟ್ಟಬೇಡಿ. ಎನಾಮೆಲ್ ನಿಧಾನವಾಗಿ ಒಣಗುವುದರಿಂದ, ಉಳಿದ ಸಣ್ಣ ಗೆರೆಗಳನ್ನು ತಾನೇ ಮಟ್ಟ ಮಾಡಿಕೊಳ್ಳುತ್ತದೆ. ನೇರ ಬಿಸಿಲಿನಲ್ಲಿ ಅದಕ್ಕೆ ಆ ಸಮಯ ಸಿಗದು. ಬಾಗಿಲಿಗೆ ನೆರಳು ಬಂದ ಹೊತ್ತು ನೋಡಿ ಕೆಲಸಕ್ಕೆ ಕೂರಿ.

ಎರಡನೆಯ ಕೋಟ್ ಮರುದಿನ, 320ರ ಕಾಗದದಿಂದ ಹಗುರಾಗಿ ಉಜ್ಜಿದ ಮೇಲೆ. ಇಳಿದ ಹನಿಯೊಂದು ತಡವಾಗಿ ಕಣ್ಣಿಗೆ ಬಿದ್ದರೆ ಆಗಲೇ ತಿದ್ದಲು ಹೋಗದೆ, ಗಟ್ಟಿಯಾಗಲು ಬಿಟ್ಟು, ಆಮೇಲೆ ಉಜ್ಜಿ ತೆಗೆಯಿರಿ.