ಆರಡಿ ಹಲಗೆ, ಒಂದಡಿ ಎತ್ತರ: ಚಂದ್ರನ ಮೇಲಿನ ತೂಕ ಸಿಕ್ಕಿದ್ದು ಹೀಗೆ

ವಿಜ್ಞಾನ ಪ್ರದರ್ಶನಗಳಲ್ಲಿ ಆ ಯಂತ್ರ ನೋಡಿರುತ್ತೀರಿ. ಹತ್ತಿ ನಿಂತರೆ "ಚಂದ್ರನ ಮೇಲೆ ನಿಮ್ಮ ತೂಕ 10 ಕೆಜಿ" ಅಂತ ತೋರಿಸುತ್ತದೆ. ಒಳಗಿರುವುದು ಮಾಮೂಲಿ ತೂಕದ ಯಂತ್ರ, ಜೊತೆಗೆ ಆರರಿಂದ ಭಾಗಿಸುವ ಚಿಪ್. ಅದು ತೂಕ ಅಲ್ಲ, ಲೆಕ್ಕ. ಕಾಲಿಗೆ ಏನೂ ಗೊತ್ತಾಗುವುದಿಲ್ಲ. ನನಗೆ ಬೇಕಿದ್ದದ್ದೇ ಬೇರೆ: 60 ಕೆಜಿಯ ಮನುಷ್ಯ ನಿಂತರೆ ಮುಳ್ಳು ತಾನಾಗೇ 10ರ ಹತ್ತಿರ ನಿಲ್ಲಬೇಕು. "ಸುಮ್ನೆ ದುಡ್ಡು ಹಾಳು, ಏರಿ ಧುಮುಕಿ ತೂಕ ಇಳಿಸೋ ವಿಮಾನ ಇಲ್ಲದೆ ಆಗೋ ಕೆಲಸ ಅಲ್ಲ" ಅಂದವರೇ ಜಾಸ್ತಿ. ಈಗ ಅವರೇ ಬಂದು ಅಳತೆ ಕೇಳುತ್ತಿದ್ದಾರೆ.

ಮೊದಲು ಎಲ್ಲರ ಹಾಗೆ ರಾಟೆ ಕಟ್ಟಿದೆ. ಸೊಂಟಕ್ಕೆ ಬೆಲ್ಟು, ಮೇಲೆ ಎರಡು ರಾಟೆ, ಆಚೆ ಬದಿ 50 ಕೆಜಿ ಮರಳು ಮೂಟೆ. ಸುಮ್ಮನೆ ನಿಂತರೆ ಪರವಾಗಿಲ್ಲ, 10ರ ಆಸುಪಾಸು ಬರುತ್ತಿತ್ತು. ಕುಪ್ಪಳಿಸಿದರೆ ಕೆಟ್ಟಿತು. ಕಾಲು ಈಗ 60 ಕೆಜಿಯನ್ನಲ್ಲ, ಮೂಟೆಯೂ ಸೇರಿ 110 ಕೆಜಿಯನ್ನು ಅಲುಗಾಡಿಸಬೇಕು. ಜೋರಾಗಿ ಜಿಗಿದರೆ ಹಗ್ಗ ಸಡಿಲವಾಗಿ, ಆಮೇಲೆ ಒಮ್ಮೆಲೇ ಜಗ್ಗುತ್ತದೆ. ಇಳಿಯುವಾಗ ವೇಗ ಏರುವ ದರವೂ ಚಂದ್ರನದ್ದಲ್ಲ, ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ ಅಷ್ಟೇ. ಅದೂ ಅಲ್ಲದೆ ರಾಟೆ ಹಿಡಿಯುತ್ತಿತ್ತು. ಅದೇ ಮನುಷ್ಯ ಮೇಲಿಂದ ಇಳಿದು ನಿಂತಾಗ ಒಂದು ತೂಕ, ಕುಳಿತು ಎದ್ದಾಗ ಇನ್ನೊಂದು.

ಮೂಟೆ ತೆಗೆದು ರಬ್ಬರ್ ಹಗ್ಗ ಹಾಕಿದೆ. ಅದು ಎಳೆದಷ್ಟೂ ಬಿಗಿ. ಒಂದು ಗೇಣು ಮೇಲೆ ಹೋದರೆ ಒಂದು ತೂಕ, ಕೆಳಗೆ ಬಂದರೆ ಮತ್ತೊಂದು. ಒಟ್ಟು ಖರ್ಚಿನ ಮುಕ್ಕಾಲು ಪಾಲು ಈ ರಾಟೆ, ಬೆಲ್ಟು, ಹಗ್ಗಕ್ಕೇ ಹೋಗಿದೆ. ಈಗ ಮೂಲೆಯಲ್ಲಿ ಬಿದ್ದಿವೆ, ಬೇಕಾದವರು ಒಯ್ಯಬಹುದು.

ದಾರಿ ತೋರಿಸಿದ್ದು ನಾಸಾದ ಹಳೆಯ ಫೋಟೋ. 1960ರ ದಶಕದಲ್ಲಿ ಲ್ಯಾಂಗ್ಲಿ ಕೇಂದ್ರದವರು ಮನುಷ್ಯನನ್ನು ಕೇಬಲ್‌ಗಳಲ್ಲಿ ಅಡ್ಡಡ್ಡ ತೂಗುಹಾಕಿ, ಓರೆ ಗೋಡೆಯ ಮೇಲೆ ನಡೆಸುತ್ತಿದ್ದರು. ನೆಟ್ಟಗಿನ ಗೋಡೆಗಿಂತ ಓರೆ ಸುಮಾರು ಒಂಬತ್ತೂವರೆ ಡಿಗ್ರಿ. ಅಷ್ಟು ಕೇಬಲ್ಲು, ಅಷ್ಟು ಎತ್ತರ ನಮಗೆಲ್ಲಿ? ತೂಗುಹಾಕುವ ಬದಲು ಮಲಗಿಸಿದೆ. ಪ್ರತಿ ಆರಡಿಗೆ ಒಂದಡಿ ಎತ್ತರ ಬರುವ ಹಾಗೆ ಹಲಗೆ ಇಟ್ಟರೆ ಜಾರುವ ದಿಕ್ಕಿನಲ್ಲಿ ತೂಕ ಆರನೇ ಒಂದು. ಭೂಮಿಯ ತೂಕದಲ್ಲಿ ಚಂದ್ರನ ಪಾಲು 0.165, ನಮ್ಮದು 0.167. ಇದಕ್ಕಿಂತ ಹತ್ತಿರ ಯಾರಿಗೆ ಬೇಕು? ಹನ್ನೆರಡಡಿ ಉದ್ದದ ದಪ್ಪ ಪ್ಲೈವುಡ್ ಹಾಕಿದೆ, ತಲೆಯ ಕಡೆ ಎರಡಡಿ ಎತ್ತರ. ಕಾರಿನಡಿ ಮಲಗಿ ಕೆಲಸ ಮಾಡುವವರ ಚಕ್ರದ ಹಲಗೆ ಇರುತ್ತದಲ್ಲ, ಅದರ ಮೇಲೆ ಅಂಗಾತ ಮಲಗಬೇಕು. ಪಾದದ ಹತ್ತಿರ ತೂಕದ ಯಂತ್ರವನ್ನು ಗೋಡೆಯ ಹಾಗೆ ನಿಲ್ಲಿಸಿ ಬಿಗಿದಿದ್ದೇನೆ.

ಹಾಗೆ ನಿಲ್ಲಿಸಿದರೆ ಮುಳ್ಳಿನ ಯಂತ್ರ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಮೇಲಿನ ತಟ್ಟೆಯ ಭಾರ ಸ್ಪ್ರಿಂಗಿನ ಮೇಲೆ ಬೀಳುವುದಿಲ್ಲ ನೋಡಿ. ಬಿಗಿದ ಮೇಲೆಯೇ ತಿರುಪು ತಿರುಗಿಸಿ ಸೊನ್ನೆಗೆ ತನ್ನಿ. ಚಕ್ರದ ಹಲಗೆ ಸುಮಾರು 6 ಕೆಜಿ, ಅದು ತೂಕಕ್ಕೆ ಒಂದು ಕೆಜಿ ಸೇರಿಸುತ್ತದೆ. ಚಕ್ರದ ತಿಕ್ಕಾಟ ಹೆಚ್ಚುಕಡಿಮೆ ಅಷ್ಟನ್ನೇ ಕಳೆಯುತ್ತದೆ. ಎರಡೂ ಸರಿಹೋದವು ಅಂತ ಖುಷಿಪಟ್ಟು ಬಿಡಬೇಡಿ, ಮನುಷ್ಯ ದಪ್ಪಗಿದ್ದರೆ ತಿಕ್ಕಾಟವೂ ಜಾಸ್ತಿ. ಪ್ಲಾಸ್ಟಿಕ್ ಚಕ್ರ ತೆಗೆದು ಬೇರಿಂಗ್ ಹಾಕಿದೆ. ಬೇರಿಂಗ್ ಓಡುವ ಜಾಗದಲ್ಲಿ ಪ್ಲೈವುಡ್ ಮೇಲೆ ಏನು ಅಂಟಿಸಿದೆ ಅನ್ನುವುದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದಾದ ಮೇಲೆ ಕಾಲು ಕೆಜಿ ಆಚೀಚೆ ಬಂದರೆ ಹೆಚ್ಚು.

ತೂಕ ನೋಡಿ ಯಾರೂ ಬೆರಗಾಗುವುದಿಲ್ಲ, ಅದು ಎಲ್ಲರಿಗೂ ಗೊತ್ತಿರುವುದೇ. ಮಂಡಿ ಬಗ್ಗಿಸಿ ಒದೆಯಲು ಹೇಳಿ, ಆಗ ನೋಡಿ ಮುಖ. ಮೆಲ್ಲಗೆ ಒದ್ದರೂ ಮಾರು ದೂರ ಮೇಲೆ ಹೋಗುತ್ತಾರೆ, ಅಲ್ಲೇ ಒಂದು ಕ್ಷಣ ನಿಂತಂತಾಗಿ, ನಿಧಾನ ವಾಪಸ್ಸು. ಭೂಮಿಯ ಮೇಲೆ ಒಂದು ಮೀಟರ್ ಬೀಳಲು ಅರ್ಧ ಸೆಕೆಂಡೂ ಬೇಡ, ಚಂದ್ರನಲ್ಲಿ 1.1 ಸೆಕೆಂಡು. ಹಲಗೆಯ ಮೇಲೂ ಅಷ್ಟೇ ಬಂತು, ಫೋನಿನ ವಿಡಿಯೋದಲ್ಲಿ ಎಣಿಸಿದ್ದೇನೆ. ಆದರೆ ಯಾವ ವೇಗದಲ್ಲಿ ಒದ್ದರೋ ಅದೇ ವೇಗದಲ್ಲಿ ಪಾದ ಬಂದು ಬಡಿಯುತ್ತದೆ. ತೂಕ ಆರನೇ ಒಂದಾದರೂ ದ್ರವ್ಯರಾಶಿ 60 ಕೆಜಿಯೇ, ಹಾಗಾಗಿ ಏಟು ಕಡಿಮೆಯಾಗುವುದಿಲ್ಲ. ತಲೆಯ ಕಡೆಗೂ ದಪ್ಪ ಫೋಮ್ ಬೇಕೇ ಬೇಕು.

ಅಪೊಲೊ ಯಾತ್ರಿಗಳ ಉಡುಪು, ಬೆನ್ನಿನ ಪೆಟ್ಟಿಗೆ ಸೇರಿ ಇಲ್ಲಿ 90 ಕೆಜಿ ಹತ್ತಿರ, ಅಲ್ಲಿ 15. ಅದನ್ನೂ ಪರೀಕ್ಷಿಸೋಣ ಅಂತ ಎದೆಯ ಮೇಲೆ ಮರಳು ಚೀಲ ಪೇರಿಸಿದೆವು. 30 ಕೆಜಿ ಇಟ್ಟಾಗ ಮುಳ್ಳು ಏರಿದ್ದು 5 ಕೆಜಿ, ಮಲಗಿದ್ದವನಿಗೆ ಮಾತ್ರ ಉಸಿರಾಡಲು ಕಷ್ಟವಾಗಿ ಅಲ್ಲಿಗೇ ನಿಲ್ಲಿಸಿದೆವು. ಕಾಲಿನ ಭಾರ ಇಳಿದರೂ ಎದೆಯ ಭಾರ ಇಳಿಯುವುದಿಲ್ಲ, ಈ ಪದ್ಧತಿಯ ಮಿತಿ ಅದು. ಮಂಗಳ ಗ್ರಹದ ತೂಕ ಬೇಕೆಂದರೆ ಎಂಟಡಿಗೆ ಮೂರಡಿ ಏರಿಸಿ. ಆ ಇಳಿಜಾರಿನಲ್ಲಿ ಚಕ್ರದ ಹಲಗೆಯ ಗಾಡಿ ರಭಸದಿಂದ ಬರುತ್ತದೆ, ಗಟ್ಟಿ ಮಂಡಿಯವರನ್ನೇ ಹತ್ತಿಸಿ.

ಮಕ್ಕಳಿಗೆ ಡಿಜಿಟಲ್ ಯಂತ್ರ ಇಡಬೇಡಿ. 24 ಕೆಜಿ ಮಗು ಒತ್ತುವುದು ನಾಲ್ಕೇ ಕೆಜಿ, ಕೆಲವು ಯಂತ್ರಗಳು ಅಷ್ಟಕ್ಕೆ ಎಚ್ಚರವೇ ಆಗುವುದಿಲ್ಲ. ಅವರಿಗಾಗಿ ಹಲಗೆಯ ಮೇಲ್ತುದಿಗೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ಕಟ್ಟಿ, ಗಾಡಿಯನ್ನು ಅದಕ್ಕೆ ಸಿಕ್ಕಿಸಿದ್ದೇನೆ. ಗಾಡಿಯ ಒಂದು ಕೆಜಿ ಕಳೆಯಲು ಮರೆಯಬೇಡಿ.