ಒಂದೇ ಇಂಗ್ಲಿಷ್ ಪದಕ್ಕೆ ನಾಲ್ಕು ಕೆಲಸ: ನೌನೋ ವರ್ಬೋ ಪತ್ತೆ ಮಾಡೋದು ಹೇಗೆ?

‘ಬ್ಯಾಕ್’ ಯಾವ ಪಾರ್ಟ್ ಆಫ್ ಸ್ಪೀಚ್, ಅಂದರೆ ಯಾವ ಜಾತಿಯ ಪದ ಅಂತ ಯಾರಾದರೂ ಕೇಳಿದರೆ ತಕ್ಷಣ ಉತ್ತರ ಕೊಡಬೇಡಿ, ಯಾವ ವಾಕ್ಯದಲ್ಲಿ ಅಂತ ಕೇಳಿ. ‘ಮೈ ಬ್ಯಾಕ್ ಹರ್ಟ್ಸ್’ ಅಂದಾಗ ಅದು ನೌನ್ (ನಾಮಪದ). ‘ಬ್ಯಾಕ್ ಡೋರ್’ ಅಂದಾಗ ಅಡ್ಜೆಕ್ಟಿವ್ (ನಾಮಪದದ ಬಗ್ಗೆ ಹೇಳುವ ವಿಶೇಷಣ). ‘ಕಮ್ ಬ್ಯಾಕ್’ ಅಂದಾಗ ಅಡ್ವರ್ಬ್ (ಕ್ರಿಯಾವಿಶೇಷಣ). ‘ಐ ವಿಲ್ ಬ್ಯಾಕ್ ಯು’ ಅಂದರೆ ನಿನ್ನ ಬೆನ್ನಿಗೆ ನಿಲ್ಲುತ್ತೇನೆ ಅಂತ, ಅಲ್ಲಿ ವರ್ಬ್ (ಕ್ರಿಯಾಪದ). ಹಾಗಾಗಿ ಪದಗಳ ಪಟ್ಟಿ ಮಾಡಿ, ಪಕ್ಕದಲ್ಲಿ ನೌನ್, ವರ್ಬ್ ಅಂತ ಬರೆದು ಮಕ್ಕಳ ಕೈಲಿ ಬಾಯಿಪಾಠ ಮಾಡಿಸೋದನ್ನು ದಯವಿಟ್ಟು ಬಿಡಿ.

ಕನ್ನಡದಲ್ಲೂ ಇಂಥ ಪದಗಳಿವೆ. ಹಾಡು, ಓದು, ನಗು ಇವೆಲ್ಲ ನಾಮಪದವೂ ಹೌದು, ಕ್ರಿಯಾಪದವೂ ಹೌದು, ಅಲ್ವಾ? ಆದರೂ ನಮಗೆ ಗೊಂದಲ ಆಗೋದಿಲ್ಲ, ಯಾಕಂದ್ರೆ ಹಾಡನ್ನು, ಹಾಡಿಗೆ ಅಂದರೆ ನಾಮಪದ, ಹಾಡಿದಳು, ಹಾಡುತ್ತಾಳೆ ಅಂದರೆ ಕ್ರಿಯಾಪದ ಅಂತ ಪ್ರತ್ಯಯವೇ ಹೇಳಿಬಿಡುತ್ತದೆ. ಇಂಗ್ಲಿಷಿಗೂ ಒಂದು ಕಾಲಕ್ಕೆ ಇಂಥ ಪ್ರತ್ಯಯಗಳು ಬೇಕಾದಷ್ಟಿದ್ದವು. ಸಾವಿರ ವರ್ಷದ ಹಿಂದೆ ಪ್ರೀತಿಗೆ ‘ಲುಫು’, ಪ್ರೀತಿಸುವುದಕ್ಕೆ ‘ಲುಫಿಯನ್’ ಅಂತ ಬರೆಯುತ್ತಿದ್ದರು. ಆಮೇಲಿನ ಶತಮಾನಗಳಲ್ಲಿ ಈ ಪ್ರತ್ಯಯಗಳು ಸವೆದುಹೋಗಿ ಎರಡೂ ‘ಲವ್’ ಆದವು. ಹೀಗಾಗಿ ಪದದ ಕೆಲಸ ಏನು ಅಂತ ಈಗ ಹೇಳೋದು ಹೆಚ್ಚಾಗಿ ಅದು ಕೂತಿರುವ ಜಾಗ.

ಮೊದಲು ಎಡಗಡೆ ನೋಡಿ. ‘ಎ’, ‘ದಿ’, ‘ಮೈ’, ‘ದಿಸ್’ ಇದ್ದರೆ ಮುಂದೆ ಸಾಮಾನ್ಯವಾಗಿ ಒಂದು ನೌನ್ ಬರುತ್ತದೆ. ಆದರೆ ಅದರ ಪಕ್ಕದ ಪದವೇ ನೌನ್ ಅಂತ ತಿಳಿಯಬೇಡಿ, ಆ ಗುಂಪಿನ ಕೊನೆಯವರೆಗೂ ಹೋಗಿ. ‘ದಿ ಬ್ಯಾಕ್ ಡೋರ್’ನಲ್ಲಿ ನೌನ್ ಡೋರ್, ಬ್ಯಾಕ್ ಅಲ್ಲ. ‘ವಿಲ್’, ‘ಕ್ಯಾನ್’, ‘ಡೋಂಟ್’ ಇದ್ದರೆ ವರ್ಬ್ ಬರುತ್ತದೆ. ‘ಟು’ ಮಾತ್ರ ಮೋಸ ಮಾಡುತ್ತದೆ: ‘ಐ ವಾಂಟ್ ಟು ವಾಟರ್ ದಿ ಪ್ಲಾಂಟ್ಸ್’ನಲ್ಲಿ ವಾಟರ್ ವರ್ಬ್, ‘ಆಡ್ ಸಾಲ್ಟ್ ಟು ವಾಟರ್’ನಲ್ಲಿ ನೌನ್. ಅನುಮಾನ ಬಂದರೆ ‘ವಾಂಟ್ ಟು’ ಬಿಟ್ಟು, ಆ ಕೆಲಸ ನಿನ್ನೆಯೇ ನಡೆದುಹೋದಂತೆ ವಾಕ್ಯ ಬದಲಿಸಿ. ‘ಐ ವಾಟರ್ಡ್ ದಿ ಪ್ಲಾಂಟ್ಸ್’ ಅಂತ ಆಗುತ್ತದೆ, ಅಂದರೆ ವರ್ಬ್. ಉಪ್ಪಿನ ವಾಕ್ಯದಲ್ಲಿ ವಾಟರ್ ಹಾಗೇ ಉಳಿಯುತ್ತದೆ, ಬದಲಾಗಬೇಕಾದದ್ದು ‘ಆಡ್’.

ಅಡ್ಜೆಕ್ಟಿವೋ ಅಡ್ವರ್ಬೋ ಅನ್ನೋದಕ್ಕೆ, ಅದು ಯಾವ ಪದದ ಬಗ್ಗೆ ಹೇಳುತ್ತಿದೆ ಅಂತ ಕೇಳಿಕೊಂಡರೆ ಸಾಕು. ‘ಹಾರ್ಡ್ ವರ್ಕ್’ನಲ್ಲಿ ಹಾರ್ಡ್ ಕೆಲಸದ ಬಗ್ಗೆ, ‘ಶಿ ವರ್ಕ್ಸ್ ಹಾರ್ಡ್’ನಲ್ಲಿ ಕೆಲಸ ಮಾಡುವ ರೀತಿಯ ಬಗ್ಗೆ. ಇಲ್ಲಿ ‘ಲಿ’ ಸೇರಿಸಿ ‘ಹಾರ್ಡ್ಲಿ’ ಮಾಡಿಬಿಟ್ಟರೆ ಅರ್ಥವೇ ತಿರುಗುತ್ತದೆ. ‘ಶಿ ಹಾರ್ಡ್ಲಿ ವರ್ಕ್ಸ್’ ಅಂದರೆ ಆಕೆ ಕೆಲಸ ಮಾಡೋದೇ ಅಪರೂಪ ಅಂತ!

ಜಾಸ್ತಿ ಜನ ಎಡವೋದು ‘ಬಿಫೋರ್’ ಥರದ ಪದಗಳಲ್ಲಿ, ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡಿ. ಇಲ್ಲಿ ಎಡಗಡೆ ಅಲ್ಲ, ಬಲಗಡೆ ನೋಡಬೇಕು. ‘ಬಿಫೋರ್ ಲಂಚ್’ ಅಂದಾಗ ಮುಂದೆ ಬರೀ ನೌನ್ ಇದೆ, ಆದ್ದರಿಂದ ಪ್ರಿಪೊಸಿಷನ್ (ನೌನಿನ ಸಂಬಂಧ ತೋರಿಸುವ ಪದ). ‘ಬಿಫೋರ್ ಹಿ ಕೇಮ್’ ಅಂದಾಗ ಮುಂದೆ ಕರ್ತೃ, ಕ್ರಿಯಾಪದ ಎರಡೂ ಇರುವ ಇಡೀ ಮಾತಿದೆ, ಆದ್ದರಿಂದ ಕಂಜಂಕ್ಷನ್ (ಮಾತುಗಳನ್ನು ಜೋಡಿಸುವ ಪದ). ‘ಐ ಹ್ಯಾವ್ ಸೀನ್ ಹಿಮ್ ಬಿಫೋರ್’ನಲ್ಲಿ ಮುಂದೆ ಏನೂ ಇಲ್ಲ, ಅದು ಅಡ್ವರ್ಬ್. ‘ಆಫ್ಟರ್’, ‘ಸಿನ್ಸ್’ ಎರಡಕ್ಕೂ ಇದೇ ಪರೀಕ್ಷೆ ನಡೆಯುತ್ತದೆ, ಸುಮ್ನೆ ಒಂದೊಂದು ವಾಕ್ಯ ಬರೆದು ನೋಡಿ.

ಮಾತಾಡುವಾಗ ಕಿವಿಯೂ ಸಹಾಯ ಮಾಡುತ್ತದೆ. ‘ರೆಕಾರ್ಡ್’, ‘ಆಬ್ಜೆಕ್ಟ್’, ‘ಪ್ರೆಸೆಂಟ್’ ಇವು ನೌನ್ ಆದಾಗ ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ, ವರ್ಬ್ ಆದಾಗ ಎರಡನೆಯದರ ಮೇಲೆ. ಎಲ್ಲ ಪದಗಳೂ ಹೀಗೆ ಬದಲಾಗೋದಿಲ್ಲ. ‘ಆನ್ಸರ್’ ನೌನ್ ಆದರೂ ವರ್ಬ್ ಆದರೂ ಉಚ್ಚಾರಣೆ ಒಂದೇ. ಡಿಕ್ಷನರಿ ತೆರೆದಾಗ ಮೊದಲ ಅರ್ಥ ನೋಡಿ ಮುಚ್ಚಿಬಿಡಬೇಡಿ, ಕೆಳಗಿನ ನಮೂದುಗಳನ್ನೂ ಅವುಗಳ ಉದಾಹರಣೆ ವಾಕ್ಯಗಳನ್ನೂ ಓದಿ, ನಿಮ್ಮ ವಾಕ್ಯಕ್ಕೆ ಯಾವುದು ಹೊಂದುತ್ತದೋ ಅದನ್ನು ತೆಗೆದುಕೊಳ್ಳಿ.